ಚಾಕು ಹರಿತವಾಗಿದೆ, ಆದರೂ ಈರುಳ್ಳಿ ಸೀಳುತ್ತದೆ. ಅಲಗು ತೆಳು ಮಾಡಬಹುದಾ?

ಮಂಡಿಪೇಟೆ_ಹುಡುಗ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಒಂದು ಮಡಚುವ ಚಾಕುವಿನ ವಿಷಯ ಕೇಳಬೇಕಿತ್ತು. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ್ದು. ಡಿ2 ಸ್ಟೀಲ್, ಅಲಗು 8 ಸೆಂ.ಮೀ. ಉದ್ದ, ಬೆನ್ನಿನ ಹತ್ತಿರ 3.5 ಮಿ.ಮೀ. ದಪ್ಪ. ಅಲಗಿನ ಅರ್ಧದವರೆಗೆ ಒಂದೇ ದಪ್ಪ ಇದೆ, ಅಲ್ಲಿಂದ ಬಾಯಿಯ ಕಡೆಗೆ ಇಳಿಜಾರಾಗಿ ಬರುತ್ತದೆ.

ನಮ್ಮದು ದಿನಸಿ ಅಂಗಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಇದಕ್ಕೆ ಏನಾದರೂ ಕೆಲಸ ಇದ್ದೇ ಇರುತ್ತದೆ. ರಟ್ಟಿನ ಪೆಟ್ಟಿಗೆ ಬಿಚ್ಚಬೇಕು, ಗೋಣಿಚೀಲದ ಹೊಲಿಗೆ ಕತ್ತರಿಸಬೇಕು, ಪ್ಲಾಸ್ಟಿಕ್ ಪಟ್ಟಿ, ಸುತಲಿ, ಎಲ್ಲ ಇದರಲ್ಲೇ. ಸಂಜೆ ನಾಲ್ಕು ಗಂಟೆಗೆ ಅಂಗಡಿಯಲ್ಲೇ ಮಂಡಕ್ಕಿ ಕಲಸುತ್ತೇವೆ. ಅದಕ್ಕೆ ಈರುಳ್ಳಿ, ಸೌತೆಕಾಯಿ, ಸೀಸನ್ ಇದ್ದಾಗ ಮಾವಿನಕಾಯಿ ಹೆಚ್ಚುವುದೂ ಇದರಲ್ಲೇ (ತೊಳೆದೇ ಹೆಚ್ಚುತ್ತೇನೆ).

ಸಮಸ್ಯೆ ಏನೆಂದರೆ ಚಾಕು ಮೊಂಡಾಗಿಲ್ಲ. ಸಾಣೆ ಹಿಡಿಯುವುದನ್ನು ಚೆನ್ನಾಗಿಯೇ ಕಲಿತಿದ್ದೇನೆ. ಕೈ ಮೇಲಿನ ಕೂದಲು ಬೋಳಿಸುತ್ತದೆ, ಪತ್ರಿಕೆ ಹಾಳೆ ಸದ್ದಿಲ್ಲದೆ ಕತ್ತರಿಸುತ್ತದೆ. ಆದರೆ ಈರುಳ್ಳಿಗೆ ಹಾಕಿದರೆ ಸ್ವಲ್ಪ ಒಳಗೆ ಹೋಗಿ ಆಮೇಲೆ ಟಪ್ ಅಂತ ಸೀಳಿಬಿಡುತ್ತದೆ. ಸೌತೆಕಾಯಿ ಬಿಲ್ಲೆ ಮಧ್ಯದಲ್ಲೇ ಮುರಿಯುತ್ತದೆ. ದಪ್ಪ ರಟ್ಟಿನಲ್ಲಿ ಎರಡು ಗೇಣು ಎಳೆಯುವಷ್ಟರಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಆಗ ಜೋರಾಗಿ ಎಳೆಯಬೇಕು, ಹಾಗೆ ಎಳೆಯುವಾಗ ಕೈ ಜಾರಿದರೆ ಅಂತ ಭಯ. ಅಮ್ಮನ ಈಳಿಗೆ ಇದರ ಅರ್ಧದಷ್ಟೂ ಹರಿತ ಇಲ್ಲ, ಆದರೂ ಅದರಲ್ಲಿ ಈರುಳ್ಳಿ ಎಷ್ಟು ತೆಳ್ಳಗೆ ಬರುತ್ತದೆ ಅಂದರೆ ಬೆಳಕು ಕಾಣುತ್ತದೆ. ಇದು ಯಾಕೆ ಹೀಗೆ?

ಗ್ರೈಂಡರ್‌ಗೆ ಕೊಟ್ಟು ತೆಳು ಮಾಡಿಸು ಅಂತ ಒಬ್ಬರು ಹೇಳಿದರು. ಬೇಡ, ಹದ ಹೋಗುತ್ತದೆ ಅಂತ ಇನ್ನೊಬ್ಬರು. ಮನೆಯಲ್ಲೇ ಮಾಡಲು ಆಗುತ್ತದಾ? ಎಷ್ಟು ತೆಳು ಮಾಡಬೇಕು? ಮಾಡಿದವರು ದಯವಿಟ್ಟು ಹೇಳಿ.


ವಿದ್ಯಾನಗರ_17

ಕಂಪನಿಯವರು ಹೆಚ್ಚಾಗಿ ಬಾಯಿಗೆ ಒಂದು ಬದಿಗೆ 20 ಡಿಗ್ರಿ ಕೋನ ಕೊಟ್ಟಿರುತ್ತಾರೆ. ಅದನ್ನು 15ಕ್ಕೆ ಇಳಿಸಿ ಸಾಣೆ ಹಿಡಿಯಿರಿ, ಸಾಕು. ಅಲಗು ತೆಳು ಮಾಡುವುದೆಲ್ಲ ಸುಮ್ನೆ ಜಾಸ್ತಿ ಕೆಲಸ.


ಮಂಡಿಪೇಟೆ_ಹುಡುಗ (ದಾವಣಗೆರೆ)

ಅದನ್ನೂ ಮಾಡಿ ನೋಡಿದೆ ಸರ್, ಹೋದ ತಿಂಗಳು. ರಟ್ಟಿಗೆ ಮೊದಲು ತಾಗುವಾಗ ಸ್ವಲ್ಪ ಸಲೀಸು ಅನ್ನಿಸಿತು. ಆದರೆ ಈರುಳ್ಳಿ ಈಗಲೂ ಸೀಳುತ್ತದೆ. ಇನ್ನೊಂದು ಗಮನಿಸಿದೆ, ಬಾಯಿಯ ಹತ್ತಿರ ಹೊಳೆಯುವ ಸಣ್ಣ ಪಟ್ಟಿ ಇರುತ್ತದಲ್ಲ, ಅದು 1.3 ಮಿ.ಮೀ. ಅಗಲ ಇತ್ತು, 15 ಡಿಗ್ರಿ ಮಾಡಿದ ಮೇಲೆ 1.7 ಆಗಿದೆ.


ಕೋಟೆಊರು_ಲೇತ್ (ಚಿತ್ರದುರ್ಗ)

ತಮ್ಮ, ಪಟ್ಟಿಯ ಅಗಲ ಅಳೆದು ಹಾಕಿದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ನಾನು ಇಪ್ಪತ್ತು ವರ್ಷದಿಂದ ಲೇತ್ ಮತ್ತು ಗ್ರೈಂಡಿಂಗ್ ಕೆಲಸದಲ್ಲಿದ್ದೇನೆ. ಚಾಕು ಅಂದರೆ ನನಗೆ ಪ್ರೀತಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿನ್ನ ಚಾಕು ಹರಿತವಾಗಿದೆ, ಆದರೆ ದಪ್ಪ ಇದೆ. ಇವೆರಡೂ ಬೇರೆ ಬೇರೆ ವಿಷಯ. ಹರಿತ ಅನ್ನುವುದು ಬಾಯಿಯ ತುದಿಗೆ ಸಂಬಂಧಪಟ್ಟದ್ದು. ತುದಿ ಒಳಗೆ ಹೋದ ಮೇಲೆ ಅದರ ಹಿಂದೆ ಇರುವ ಲೋಹವೂ ಈರುಳ್ಳಿಯೊಳಗೆ ಹೋಗಬೇಕಲ್ವಾ? ಅದು ದಪ್ಪ ಇದ್ದರೆ ಈರುಳ್ಳಿಯನ್ನು ಎರಡೂ ಕಡೆ ತಳ್ಳುತ್ತದೆ. ಕಟ್ಟಿಗೆಗೆ ಬೆಣೆ ಬಡಿದರೆ ಏನಾಗುತ್ತದೆ? ಬೆಣೆ ಕೊಯ್ಯುವುದಿಲ್ಲ, ಬಿರುಕು ಬೆಣೆಗಿಂತ ಮುಂದೆ ಓಡುತ್ತದೆ. ನಿನ್ನ ಸೌತೆಕಾಯಿಗೆ ಆಗುತ್ತಿರುವುದೂ ಅದೇ. ಕೊಡಲಿಯನ್ನು ಎಷ್ಟೇ ಮಸೆದರೂ ಅದರಲ್ಲಿ ಹುಲ್ಲು ಕೊಯ್ಯಲು ಆಗುವುದಿಲ್ಲ, ಕುಡುಗೋಲೇ ಬೇಕು. ಅಮ್ಮನ ಈಳಿಗೆಯ ಅಲಗು ತೆಳ್ಳಗಿರುತ್ತದೆ, ಅದಕ್ಕೇ ಹರಿತ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ.

ಈಗ ಲೆಕ್ಕ ನೋಡು. ಬಾಯಿಯ ಹೊಳೆಯುವ ಪಟ್ಟಿ ಶುರುವಾಗುವ ಜಾಗದಲ್ಲಿ ಅಲಗು ಎಷ್ಟು ದಪ್ಪ ಇದೆ ಅನ್ನುವುದೇ ಮುಖ್ಯ. ಒಂದು ಬದಿಗೆ 20 ಡಿಗ್ರಿ ಇದ್ದರೆ ಪಟ್ಟಿಯ ಅಗಲವನ್ನು 0.68ರಿಂದ ಗುಣಿಸಿದರೆ ಆ ದಪ್ಪ ಸಿಗುತ್ತದೆ. 15 ಡಿಗ್ರಿ ಇದ್ದರೆ 0.52ರಿಂದ ಗುಣಿಸಬೇಕು. ನಿನ್ನದು ಮೊದಲು 1.3 ಗುಣಿಸು 0.68, ಅಂದರೆ ಸುಮಾರು 0.88. ಈಗ 1.7 ಗುಣಿಸು 0.52, ಮತ್ತೆ 0.88. ಕೋನ ಇಳಿಸಿದರೂ ಹಿಂದಿನ ದಪ್ಪ ಇದ್ದ ಹಾಗೇ ಇದೆ. ವಿದ್ಯಾನಗರದವರು ಹೇಳಿದ್ದು ತಪ್ಪಲ್ಲ, ಆದರೆ ಅದರಿಂದ ಸರಿಯಾಗುವುದು ಮೊದಲ ಒಂದೆರಡು ಮಿ.ಮೀ. ಮಾತ್ರ.

ಡಿಜಿಟಲ್ ಕ್ಯಾಲಿಪರ್ (ದಪ್ಪ ಅಳೆಯುವ ಸಾಧನ) ಇದ್ದರೆ ಆ ಪಟ್ಟಿ ಶುರುವಾಗುವ ಜಾಗದಲ್ಲೇ ಹಿಡಿದು ನೇರವಾಗಿ ಅಳೆಯಬಹುದು. ಮೆಲ್ಲಗೆ ಹಿಡಿ, ಇಲ್ಲದಿದ್ದರೆ ಬಾಯಿ ಕ್ಯಾಲಿಪರ್‌ಗೆ ತಾಗಿ ಹಾಳಾಗುತ್ತದೆ. ದಿನದ ಕೆಲಸದ ಚಾಕುವಿಗೆ 0.4 ಮಿ.ಮೀ. ಸುತ್ತಮುತ್ತ ತುಂಬಾ ಒಳ್ಳೆಯದು. 0.25ಕ್ಕೆ ಇಳಿಸಿದರೆ ತರಕಾರಿಗೆ ಅದ್ಭುತ, ಆದರೆ ನಿನ್ನ ಅಂಗಡಿಯ ಪೆಟ್ಟಿಗೆಗಳಲ್ಲಿ ಪಿನ್ ಇರುತ್ತವೆ, ಒಂದು ಪಿನ್ ತಾಗಿದರೂ ಬಾಯಿ ಚಕ್ಕೆ ಏಳುತ್ತದೆ. ನಿನಗೆ 0.4 ಸಾಕು.

ಗ್ರೈಂಡರ್ ವಿಷಯ. ಅದು ಬೇಡ ಅಂತ ಕೈಮುಗಿದು ಹೇಳುತ್ತೇನೆ. ಬೆಂಚ್ ಗ್ರೈಂಡರ್ ನಿಮಿಷಕ್ಕೆ 2800 ಸುತ್ತಿನ ಹತ್ತಿರ ತಿರುಗುತ್ತದೆ. ಆರು ಇಂಚಿನ ಕಲ್ಲಾದರೆ ಅದರ ಅಂಚು ಸೆಕೆಂಡಿಗೆ 20 ಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಉಜ್ಜುತ್ತದೆ. ಬಾಯಿಯ ತುದಿ ತೆಳು, ಬಿಸಿ ಹರಿದು ಹೋಗಲು ಅಲ್ಲಿ ಲೋಹವೇ ಇಲ್ಲ. ಎರಡು ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ಸಾದಾ ಕಾರ್ಬನ್ ಸ್ಟೀಲ್‌ನಲ್ಲಿ 220 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಣಹುಲ್ಲಿನ ಹಳದಿ ಬರುತ್ತದೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ನೀಲಿ ಬಂತು ಅಂದರೆ ಅಲ್ಲಿಯ ಹದ ಹೋಯಿತು, ಲೋಹ ಮೆದುವಾಯಿತು. ಡಿ2ನಲ್ಲಿ ಸುಮಾರು ಶೇ. 12 ಕ್ರೋಮಿಯಂ ಇರುವುದರಿಂದ ಬಣ್ಣ ಇನ್ನೂ ತಡವಾಗಿ ಕಾಣುತ್ತದೆ. ಬಣ್ಣ ಕಾಣಲಿಲ್ಲ ಅಂತ ಧೈರ್ಯ ಮಾಡಬೇಡ, ಕಾಣುವಷ್ಟರಲ್ಲಿ ಬಿಸಿ ಮಿತಿ ಮೀರಿರುತ್ತದೆ.

ಇದು ನನ್ನ ಅನುಭವ. ಲೇತ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪನ ಚಾಕು ತೆಳು ಮಾಡಿಸಲು ಪರಿಚಯದ ಒಂದು ಅಂಗಡಿಗೆ ಕೊಟ್ಟೆ. ತುದಿ ನೀಲಿಯಾಗಿ ಬಂತು. ಅದನ್ನು ಮತ್ತೆ ಪಾಲಿಶ್ ಮಾಡಿ ಬಿಳಿ ಮಾಡಿಕೊಟ್ಟರು, ಬಣ್ಣ ಹೋಯಿತು, ಮೆದು ಹೋಗಲಿಲ್ಲ. ಬೆಳಿಗ್ಗೆ ಮಸೆದರೆ ಮಧ್ಯಾಹ್ನಕ್ಕೆ ಬಾಯಿ ಮಡಚಿಕೊಳ್ಳುತ್ತಿತ್ತು. ಕೊನೆಗೆ ಮೂರು ಮಿ.ಮೀ. ಲೋಹ ಕಲ್ಲಿನ ಮೇಲೆ ಕೈಯಲ್ಲೇ ಸವೆಸಿ ತೆಗೆದೆ, ಗಟ್ಟಿ ಲೋಹ ಸಿಕ್ಕಿತು. ಆ ಚಾಕು ಈಗಲೂ ಇದೆ, ಅಪ್ಪ ಇಲ್ಲ.

ಕೈಯಲ್ಲೇ ಮಾಡು. ನಿನ್ನ ಅಲಗಿಗೆ ಇಳಿಜಾರು ಮಧ್ಯದಿಂದ ಶುರುವಾಗುವುದು ಅನುಕೂಲ, ಆ ಇಳಿಜಾರನ್ನೇ ಕಲ್ಲಿನ ಮೇಲೆ ಪೂರ್ತಿ ಮಲಗಿಸಿದರೆ ಕೋನ ತಾನಾಗಿ ಸಿಗುತ್ತದೆ. 0.9ರಿಂದ 0.4ಕ್ಕೆ ಬರಲು ಒಂದೊಂದು ಬದಿಯಲ್ಲಿ ಕಾಲು ಮಿ.ಮೀ. ಹೋಗಬೇಕು. ತೂಕ ಹಾಕಿದರೆ ಒಂದು ಬದಿಗೆ ಎರಡು ಗ್ರಾಂ ಅಷ್ಟೇ. ಕೇಳಲು ಕಡಿಮೆ, ಡಿ2ನಲ್ಲಿ ಕೈಯಿಂದ ತೆಗೆಯಲು ಎರಡು ಮೂರು ಸಂಜೆ ಬೇಕು.

ಮೊದಲು ಚಾಕು ಬಿಚ್ಚಿ ಅಲಗನ್ನು ಹೊರಗೆ ತೆಗೆ. ಬಿಚ್ಚದೆ ಉಜ್ಜಿದರೆ ಕಲ್ಲಿನ ಕೆಸರು ತಿರುಗುವ ಜಾಗಕ್ಕೆ ಹೋಗಿ ಅಲ್ಲಿಯೂ ಸವೆಯುತ್ತದೆ. ಸ್ಕ್ರೂ ನಕ್ಷತ್ರದ ತಲೆಯವು ಇರುತ್ತವೆ, ಸರಿಯಾದ ಅಳತೆಯ ಬಿಟ್ ಹಾಕು, ತಲೆ ಸವೆದರೆ ಕಷ್ಟ. ಲಾಕ್ ಬಂದು ಕೂರುವ ಜಾಗಕ್ಕೆ ಕಲ್ಲು ತಾಗಲೇಬಾರದು, ಅಲ್ಲಿಗೆ ಎರಡು ಸುತ್ತು ಟೇಪ್ ಹಾಕು. ಬಾಯಿಯನ್ನು ಹಳೆಯ ಕಲ್ಲಿನ ಮೇಲೆ ಎರಡು ಸಲ ನೇರ ಎಳೆದು ಮೊಂಡು ಮಾಡಿಕೋ. ಗಂಟೆಗಟ್ಟಲೆ ಉಜ್ಜುವಾಗ ಹರಿತ ಬಾಯಿ ಬೆರಳ ಹತ್ತಿರ ಇರಬಾರದು.

ಆಮೇಲೆ ಇಳಿಜಾರಿಗೆ ಮಾರ್ಕರ್ ಪೆನ್ ಬಳಿ. 120 ನಂಬರಿನ ಒರಟು ಕಾರ್ಬೊರಂಡಂ ಕಲ್ಲು, ನೀರು ಧಾರಾಳ. ಹತ್ತು ಸಲ ಉಜ್ಜಿ ನೋಡು. ಬಣ್ಣ ಎಲ್ಲಿ ಹೋಗಿದೆಯೋ ಅಲ್ಲಿ ಕಲ್ಲು ತಾಗುತ್ತಿದೆ. ಮೇಲೆ ಮಾತ್ರ ಹೋಗಿದ್ದರೆ ಬೆನ್ನು ಒಂದು ಕೂದಲಷ್ಟು ಎತ್ತು, ಬಾಯಿಯ ಹತ್ತಿರ ಮಾತ್ರ ಹೋಗಿದ್ದರೆ ಇಳಿಸು. ಒಂದು ಬದಿಗೆ ಐವತ್ತು ಸಲ, ಇನ್ನೊಂದು ಬದಿಗೆ ಐವತ್ತು ಸಲ, ಎಣಿಸಿಕೊಂಡು. ಎಣಿಸದೆ ಮಾಡಿದರೆ ಬಲಗೈಯವರಿಗೆ ಒಂದು ಬದಿ ಜಾಸ್ತಿ ಸವೆಯುತ್ತದೆ, ಆಮೇಲೆ ಬಾಯಿ ಮಧ್ಯದಿಂದ ಸರಿದು ಚಾಕು ಒಂದು ಕಡೆಗೆ ಎಳೆಯುತ್ತದೆ. ಹಿಡಿಯ ಹತ್ತಿರದ ಮೂಲೆ ಬಿಟ್ಟುಹೋಗದ ಹಾಗೆ ನೋಡಿಕೋ. ಎಲ್ಲರೂ ತಪ್ಪುವುದು ಅಲ್ಲೇ. ಅಲ್ಲಿ ಬಿಟ್ಟರೆ ಮಧ್ಯ ತಗ್ಗಾಗಿ ಅಲಗು ಕುಡುಗೋಲಿನ ಹಾಗೆ ಒಳಬಾಗುತ್ತದೆ. ಕಲ್ಲು ತಗ್ಗಾದರೆ ಸಮ ಮಾಡಿಕೋ, ಇಲ್ಲವೇ ದಪ್ಪ ಗಾಜಿನ ಮೇಲೆ ನೀರು ಹಾಕುವ ಎಮರಿ ಹಾಳೆ ಅಂಟಿಸಿ ಅದರ ಮೇಲೆ ಉಜ್ಜು. ಗಾಜಿನ ಮೇಲೆ ಮಾತ್ರ ಬೆನ್ನನ್ನು ಮುಂದೆ ಮಾಡಿ ಎಳೆಯಬೇಕು, ಬಾಯಿ ಮುಂದಾದರೆ ಹಾಳೆ ಹರಿಯುತ್ತದೆ.

ದಪ್ಪ 0.5ಕ್ಕೆ ಬಂದಾಗ 120 ನಿಲ್ಲಿಸಿ ಇನ್ನೂ ನುಣುಪಾದ 240, ಆಮೇಲೆ 400, 600. ಗೆರೆ ಹೋಗಿಸುವಾಗಲೇ ಉಳಿದದ್ದು ಸವೆದು 0.4ಕ್ಕೆ ಬರುತ್ತದೆ. ಕೊನೆಗೆ ಬಾಯಿಗೆ ಒಂದು ಬದಿಗೆ 15 ಡಿಗ್ರಿ ಸಾಣೆ. ಅಲಗಿನ ಅಗಲ 26 ಮಿ.ಮೀ. ಇದ್ದರೆ ಬೆನ್ನಿನ ಮಧ್ಯ ಕಲ್ಲಿನಿಂದ 6.7 ಮಿ.ಮೀ. ಮೇಲಿದ್ದರೆ 15 ಡಿಗ್ರಿ ಆಗುತ್ತದೆ. ಮರದ ತುಂಡು ಅಷ್ಟು ದಪ್ಪ ಕತ್ತರಿಸಿ ಪಕ್ಕದಲ್ಲಿಟ್ಟುಕೊಂಡು ಹೋಲಿಸು.


ಹಿರಿಯೂರು_ದಾಳಿಂಬೆ

ಲೇತ್ ಅಣ್ಣ ಹೇಳಿದ್ದು ಪೂರ್ತಿ ನಿಜ. ನನ್ನದು ಎರಡು ಮಾತು.

ಒಂದು. ತೆಳು ಮಾಡಿದ ಮೇಲೆ ಆ ಚಾಕುವಿನಲ್ಲಿ ಏನನ್ನೂ ಮೀಟಬಾರದು, ತಿರುಚಬಾರದು. ನಾನು ದಾಳಿಂಬೆಗೆ ಗೂಟಿ ಕಟ್ಟುವ (ಕೊಂಬೆಗೆ ಬೇರು ಬರಿಸಿ ಹೊಸ ಗಿಡ ಮಾಡುವ) ಚಾಕುವನ್ನು ತೆಳು ಮಾಡಿಕೊಂಡಿದ್ದೆ. ಕೊಂಬೆಯ ಸುತ್ತ ಸಿಪ್ಪೆ ಉಂಗುರದ ಹಾಗೆ ತೆಗೆಯಲು ಅಷ್ಟು ಚೆನ್ನಾಗಿ ಬರುತ್ತಿತ್ತು, ಒಳಗಿನ ಕಟ್ಟಿಗೆಗೆ ಗೀರು ಬೀಳುತ್ತಿರಲಿಲ್ಲ. ಒಂದು ದಿನ ಹುಡುಗ ಅದರಲ್ಲೇ ಡ್ರಿಪ್ ಪೈಪಿನ ಬಿರಡೆ ಮೀಟಿದ. ಬಾಯಿಯಲ್ಲಿ ಅರ್ಧ ಚಂದ್ರದ ಹಾಗೆ ಚಕ್ಕೆ ಹೋಯಿತು. ಡಿ2 ಗಟ್ಟಿ, ಬಾಗುವುದಿಲ್ಲ, ಮುರಿಯುತ್ತದೆ. ಅವನನ್ನು ಬೈಯಲಿಲ್ಲ, ನಾನೇ ಹೇಳಿರಲಿಲ್ಲ.

ಎರಡು, ತುಕ್ಕು. ಅಲಗಿಗೆ ಕಪ್ಪು ಲೇಪ ಇದ್ದರೆ ಉಜ್ಜಿದಾಗ ಅದು ಹೋಗುತ್ತದೆ. ಡಿ2ನ ಕ್ರೋಮಿಯಂನಲ್ಲಿ ತುಂಬಾ ಭಾಗ ಕಾರ್ಬನ್ ಜೊತೆ ಸೇರಿ ಗಟ್ಟಿ ಕಣ ಆಗಿಬಿಟ್ಟಿರುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ದಾಳಿಂಬೆಯ ಅಂಗಮಾರಿ ರೋಗ ಹರಡಬಾರದು ಅಂತ ನಾವು ಕತ್ತರಿ, ಚಾಕು ಎಲ್ಲ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅದ್ದಿ ಅದ್ದಿ ಗಿಡದಿಂದ ಗಿಡಕ್ಕೆ ಹೋಗುತ್ತೇವೆ. ಸಂಜೆ ತೊಳೆಯದೆ ಇಟ್ಟರೆ ಬೆಳಿಗ್ಗೆ ಸೂಜಿ ಚುಚ್ಚಿದ ಹಾಗೆ ಗುಳಿ ಬಿದ್ದಿರುತ್ತವೆ. ನಿಮ್ಮ ಮಾವಿನಕಾಯಿ ಹುಳಿಯೂ ಕಲೆ ಮಾಡುತ್ತದೆ. ಹೆಚ್ಚಿದ ಕೂಡಲೇ ತೊಳೆದು ಒರೆಸಿ, ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ.


ಚನ್ನಗಿರಿ_ತೋಟ

ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಉಜ್ಜುವ ಬದಲು ತೆಳು ಅಲಗಿನ ಇನ್ನೊಂದು ಚಾಕು ತೆಗೆದುಕೊಳ್ಳಬಹುದಲ್ವಾ? ನನ್ನ ಹತ್ತಿರ ಒಪಿನೆಲ್ ಕಂಪನಿಯ 8 ನಂಬರಿನ ಮಡಚುವ ಚಾಕು ಇದೆ. ಅಲಗು 8.5 ಸೆಂ.ಮೀ., ದಪ್ಪ 2 ಮಿ.ಮೀ.ಗಿಂತ ಕಡಿಮೆ, ಬಾಕ್ಸ್‌ನಿಂದ ತೆಗೆದ ದಿನವೇ ಹಣ್ಣು ತರಕಾರಿ ಚೆನ್ನಾಗಿ ಹೆಚ್ಚುತ್ತದೆ. ಮರದ ಹಿಡಿ ನೆನೆದರೆ ಉಬ್ಬಿ ಬಿಚ್ಚಲು ಬಿಗಿಯಾಗುತ್ತದೆ, ಅಷ್ಟು ಬಿಟ್ಟರೆ ದೂರಿಲ್ಲ. ಆ ಡಿ2 ಚಾಕು ದಪ್ಪವಾಗಿಯೇ ಇರಲಿ, ಗೋಣಿಚೀಲ, ಪ್ಲಾಸ್ಟಿಕ್ ಪಟ್ಟಿಗೆ. ತೋಟದಲ್ಲೂ ನಾವು ಅಡಿಕೆ ಕೊನೆ ಕೊಯ್ಯುವ ಕತ್ತಿಯಲ್ಲಿ ಅಡಿಕೆ ಸುಲಿಯುವುದಿಲ್ಲ.


ಕೋಟೆಊರು_ಲೇತ್ (ಚಿತ್ರದುರ್ಗ)

ಚನ್ನಗಿರಿಯವರ ಮಾತು ಒಪ್ಪುತ್ತೇನೆ, ಎರಡು ಚಾಕು ಇಟ್ಟುಕೊಳ್ಳುವವರಿಗೆ ಅದು ಸರಿಯಾದ ದಾರಿ. ಆದರೆ ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ಜೇಬಿನಲ್ಲಿ ಇರುವುದು ಒಂದೇ. ಮತ್ತೆ ಗೋಣಿಚೀಲ, ಪಟ್ಟಿ, ರಟ್ಟು ಇವಕ್ಕೂ ದಪ್ಪ ಅಲಗು ಬೇಕಾಗಿಲ್ಲ. ದಪ್ಪ ಬೇಕಾಗುವುದು ಮೀಟಲು, ಕಡಿಯಲು. ರಟ್ಟಿನಲ್ಲಿ ಕಚ್ಚಿಕೊಳ್ಳುವುದು ದಪ್ಪದಿಂದಲೇ, ರಟ್ಟು ಎರಡೂ ಬದಿಯಿಂದ ಅಲಗನ್ನು ಹಿಂಡುತ್ತದೆ.

ಪಿನ್ ಭಯ ಇದ್ದರೆ ಒಂದು ಉಪಾಯ ಇದೆ. ಹಿಂದಿನ ದಪ್ಪ 0.4 ಇರಲಿ, ಬಾಯಿಗೆ 15 ಡಿಗ್ರಿ ಕೊಡು, ಕೊನೆಗೆ ನುಣುಪು ಕಲ್ಲಿನ ಮೇಲೆ ಬೆನ್ನು ಸ್ವಲ್ಪ ಎತ್ತಿ 20 ಡಿಗ್ರಿಯಲ್ಲಿ ಬದಿಗೆ ಮೂರೇ ಸಲ, ಹಗುರವಾಗಿ. ಕಣ್ಣಿಗೆ ಕಾಣದಷ್ಟು ಸಣ್ಣ ಪಟ್ಟಿ ಬರುತ್ತದೆ. ತುದಿಗೆ ಬಲ ಬಂತು, ಹಿಂದೆ ತೆಳು ಹಾಗೇ ಉಳಿಯಿತು. ಅಷ್ಟಾದರೂ ಚಕ್ಕೆ ಎದ್ದರೆ ಎರಡು ಡಿಗ್ರಿ ಏರಿಸು. ಅಲಗಿನ ದಪ್ಪ ಮುಟ್ಟಬೇಡ, ತೆಗೆದ ಲೋಹ ವಾಪಸ್ ಬರುವುದಿಲ್ಲ.


ಮಂಡಿಪೇಟೆ_ಹುಡುಗ (ದಾವಣಗೆರೆ)

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮುಗಿಯಿತು ಅಣ್ಣ!

ಮೂರು ಸಂಜೆ ಅಂದಿರಿ, ನನಗೆ ಐದು ಸಂಜೆ ಹಿಡಿಯಿತು. ಮೊದಲ ದಿನ ಮಾರ್ಕರ್ ಬಳಿದು ಉಜ್ಜಿದಾಗ ಬಣ್ಣ ಮಧ್ಯದಲ್ಲಿ ಮಾತ್ರ ಹೋಯಿತು, ಮೇಲೂ ಇಲ್ಲ, ಕೆಳಗೂ ಇಲ್ಲ. ಕಂಪನಿಯ ಇಳಿಜಾರು ಹೊಟ್ಟೆ ಉಬ್ಬಿದ ಹಾಗೆ ಇತ್ತು ಅಂತ ಆಗ ಗೊತ್ತಾಯಿತು. ಅದು ಸಮ ಆಗುವುದಕ್ಕೇ ಎರಡು ಸಂಜೆ ಹೋದವು. ಹಿಡಿಯ ಹತ್ತಿರದ ಮೂಲೆ ನೀವು ಹೇಳಿದ ಮೇಲೂ ಸ್ವಲ್ಪ ಬಿಟ್ಟುಹೋಗಿತ್ತು. ಅದಕ್ಕೆ ಕಲ್ಲಿನ ಅಂಚಿಗೆ ತಂದು ಅಷ್ಟೇ ಜಾಗ ಬೇರೆಯಾಗಿ ಉಜ್ಜಿದೆ, ಸರಿಯಾಯಿತು. 50 ಎಣಿಸುವುದು ಮೊದಲು ಬೇಸರ, ಆಮೇಲೆ ಮನಸ್ಸಿಗೆ ಹಿತ ಅನ್ನಿಸಿತು. ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದರು, ಕೆಲವು ಸಲ ಅವರೇ ಎಣಿಸಿದರು.

ಈಗ ಕ್ಯಾಲಿಪರ್‌ನಲ್ಲಿ 0.42. ಬಾಯಿಯ ಪಟ್ಟಿ 0.8 ಮಿ.ಮೀ. ಲೆಕ್ಕ ಹೊಂದುತ್ತದೆ. ಇಳಿಜಾರು ಶುರುವಾಗುವ ಗೆರೆ ಮೊದಲಿಗಿಂತ ಸುಮಾರು ಎರಡೂವರೆ ಮಿ.ಮೀ. ಮೇಲಕ್ಕೆ ಹೋಗಿದೆ, ನೋಡಲು ಬೇರೆಯೇ ಚಾಕು.

ಈರುಳ್ಳಿ ಸೀಳುವುದು ಪೂರ್ತಿ ನಿಂತಿದೆ. ಸೌತೆಕಾಯಿ ಬಿಲ್ಲೆ ಮುರಿಯದೆ ಅಲಗಿಗೆ ಅಂಟಿಕೊಂಡು ಬರುತ್ತದೆ. ಎಣ್ಣೆ ಡಬ್ಬಿ ಬರುವ ದಪ್ಪ ಪೆಟ್ಟಿಗೆ ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಹೋಯಿತು, ಕೈಗೆ ಬಲ ಹಾಕಿದ್ದೇ ಗೊತ್ತಾಗಲಿಲ್ಲ. ಪಿನ್ ಎರಡು ಸಲ ತಾಗಿದೆ. ಮೊದಲ ಸಲ ಏನೂ ಆಗಲಿಲ್ಲ, ಎರಡನೆಯ ಸಲ ಬಾಯಿಯಲ್ಲಿ ಸಣ್ಣ ಹೊಳಪು ಕಾಣುತ್ತಿದೆ, ಉಗುರಿಗೆ ತಾಗುವುದಿಲ್ಲ.

ಒಂದೇ ಸಂಶಯ ಉಳಿದಿದೆ. ವಾಪಸ್ ಜೋಡಿಸಿದ ಮೇಲೆ ಮಡಚಿದಾಗ ಅಲಗು ನಡುವೆ ಕೂರದೆ ಎಡಕ್ಕೆ ವಾಲುತ್ತದೆ. ನಾನು ಒಂದು ಬದಿ ಜಾಸ್ತಿ ಸವೆಸಿದೆನಾ?


ಕೋಟೆಊರು_ಲೇತ್ (ಚಿತ್ರದುರ್ಗ)

ಶಭಾಷ್ ತಮ್ಮ. ಅಮ್ಮನಿಗೂ ನನ್ನ ನಮಸ್ಕಾರ ಹೇಳು.

ಆ ಹೊಳಪು ಪಿನ್ ತಾಗಿ ಬಾಯಿ ಸ್ವಲ್ಪ ಹೊರಳಿದ್ದು. ನುಣುಪು ಕಲ್ಲಿನಲ್ಲಿ ನಾಲ್ಕು ಸಲ ಎಳೆದರೆ ಹೋಗುತ್ತದೆ. ವಾಲುವುದು ಸವೆತದಿಂದ ಇರಲಾರದು. ಜೋಡಿಸುವಾಗ ತಿರುಗುವ ಸ್ಕ್ರೂ ಬಿಗಿ ಹೆಚ್ಚು ಕಡಿಮೆ ಆಗಿರಬೇಕು, ಇಲ್ಲವೇ ವಾಷರ್ ಕೆಳಗೆ ಕಲ್ಲಿನ ಪುಡಿ ಉಳಿದಿರಬೇಕು. ಇನ್ನೊಮ್ಮೆ ಬಿಚ್ಚಿ ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಸೋಪು ನೀರಿನಲ್ಲಿ ವಾಷರ್ ತೊಳೆದು ಒಣಗಿಸಿ, ಹನಿ ಎಣ್ಣೆ ಹಾಕಿ ಜೋಡಿಸು. ಮೊದಲು ತಿರುಗುವ ಸ್ಕ್ರೂ ಹಗುರವಾಗಿ, ಆಮೇಲೆ ಹಿಡಿಯ ಸ್ಕ್ರೂಗಳು, ಅಲಗು ಮಡಚಿ ನಡುವೆ ಕೂತಿದೆಯಾ ನೋಡಿ ಕೊನೆಗೆ ಬಿಗಿ ಮಾಡು. ಆಗಲೂ ವಾಲಿದರೆ ಫೋಟೊ ಹಾಕು, ನೋಡೋಣ.